ರಕ್ಷಿತ ಮರಗಳ ಸವರುವಿಕೆ ಸೇವೆ: ಮೇಲೆ ಅಚ್ಚುಕಟ್ಟು, ಬುಡದಲ್ಲಿ ಅವಸರ

ಬಡಾವಣೆಯ ಮನೆಗಳ ನಡುವೆ ನಿಂತ, ಕಾನೂನಿನ ರಕ್ಷಣೆಯಿರುವ ದೊಡ್ಡ ಮರಗಳನ್ನು ತಪಾಸಣೆ ಮಾಡಿ, ಅನುಮತಿ ತಂದು, ಕೊಂಬೆ ಸವರಿಕೊಡುವ ಸೇವೆ ಇದು. ಐದಕ್ಕೆ ನಾಲ್ಕು ಅಂಕ.

ಅಂಕದ ದೊಡ್ಡ ಪಾಲು ಅರ್ಜಿಗೇ ಸಲ್ಲಬೇಕು. ‘ಮರ ಅಪಾಯಕಾರಿ, ಶೇ 30 ಕಡಿಯಬೇಕು’ ಎಂದಷ್ಟೇ ಬರೆದರೆ ಅಧಿಕಾರಿಗೆ ಏನೂ ಅರ್ಥವಾಗುವುದಿಲ್ಲ. ಶೇ 30 ಎಂದರೆ ಯಾವುದರ ಶೇ 30? ಈ ತಂಡ ಪ್ರತಿ ಮರಕ್ಕೂ ಸಂಖ್ಯೆ ಕೊಟ್ಟು ನಕ್ಷೆಯಲ್ಲಿ ಗುರುತಿಸುತ್ತದೆ. ಜಾತಿ, ಎತ್ತರ, ಸುತ್ತಳತೆ ದಾಖಲಿಸುತ್ತದೆ. ಕೆಲಸದ ವಿವರ ಮೀಟರಿನ ಲೆಕ್ಕದಲ್ಲಿದೆ: ಎತ್ತರ 14ರಿಂದ 12 ಮೀಟರಿಗೆ, ಕಡಿದ ಯಾವ ಗಾಯವೂ 10 ಸೆಂ.ಮೀ. ವ್ಯಾಸ ಮೀರಬಾರದು. ಫೋಟೋ ಮೇಲೆ ಗೆರೆ ಎಳೆದು ತೋರಿಸಿದ್ದಾರೆ. ಪಕ್ಕದ ಮನೆಯತ್ತ ಚಾಚಿದ ಕೊಂಬೆಗೂ ಅನುಮತಿ ಕೇಳಿದ್ದು ಸರಿಯಾದ ಕ್ರಮ. ಗಡಿ ದಾಟಿದ ಕೊಂಬೆಯನ್ನು ಕಡಿಯುವ ನೆರೆಯವರ ಹಕ್ಕು ಸಾಮಾನ್ಯವಾಗಿ ಮರದ ರಕ್ಷಣೆಯನ್ನು ಮೀರುವುದಿಲ್ಲ.

ಗರಗಸದ ಕೆಲಸ ಅಚ್ಚುಕಟ್ಟು. ಮೊದಲು ಪೊಟರೆ, ಗೂಡುಗಳನ್ನು ನೋಡಿಕೊಂಡರು. ಮರ ಹತ್ತಲು ಹಗ್ಗ ಬಳಸಿದರು. ಮೊಳೆಯ ಬೂಟು ಹಾಕಲಿಲ್ಲ, ಅದು ಪ್ರತಿ ಹೆಜ್ಜೆಗೂ ತೊಗಟೆ ಚುಚ್ಚುತ್ತದೆ. ದಪ್ಪ ಕೊಂಬೆಗೆ ಮೂರು ಕಡಿತ: ಬುಡದಿಂದ ಸುಮಾರು 30 ಸೆಂ.ಮೀ. ದೂರದಲ್ಲಿ ಕೆಳಗಿನಿಂದ ದಪ್ಪದ ಕಾಲು ಭಾಗದಷ್ಟು, ಅದರಿಂದ ತುಸು ಆಚೆ ಮೇಲಿನಿಂದ ಪೂರ್ತಿ, ಕೊನೆಗೆ ಉಳಿದ ಮೋಟನ್ನು ಕೊಂಬೆಯ ಬುಡದ ಉಬ್ಬಿನ ಹೊರಗೆ. ಮೊದಲ ಕಡಿತ ಬಿಟ್ಟರೆ ಬೀಳುವ ಕೊಂಬೆ ಕಾಂಡದ ತೊಗಟೆಯನ್ನು ಉದ್ದಕ್ಕೆ ಸೀಳಿಕೊಂಡು ಹೋಗುತ್ತದೆ. ಕಾಂಡಕ್ಕೆ ಒತ್ತಿ ಕಡಿದರೆ ಉಬ್ಬೇ ಹೋಗಿ, ಗಾಯ ಮುಚ್ಚುವ ಅಂಗಾಂಶವೂ ಹೋಗುತ್ತದೆ. ಮೋಟು ಉದ್ದ ಬಿಟ್ಟರೆ ಅದು ಕೊಳೆತು ಕೊಳೆ ಒಳಗಿಳಿಯುತ್ತದೆ. ಗಾಯಕ್ಕೆ ಬಣ್ಣ ಬಳಿಯಲಿಲ್ಲ, ಅದೂ ಸರಿ. ಮರ ಗಾಯವನ್ನು ವಾಸಿಮಾಡಿಕೊಳ್ಳುವುದಿಲ್ಲ, ಸುತ್ತ ತಡೆ ಕಟ್ಟಿಕೊಂಡು ಕೊಳೆಯನ್ನು ಬೇರ್ಪಡಿಸುತ್ತದೆ ಎಂಬುದನ್ನು ಅಮೆರಿಕದ ಮರ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸೀಳಿ ತೋರಿಸಿದ್ದಾರೆ. ಮರದ ತಲೆ ಬೋಳಿಸುವ, ಅಂದರೆ ಮೇಲಿನ ಕೊಂಬೆಗಳನ್ನೆಲ್ಲ ಕಡಿದುಹಾಕುವ ಕೆಲಸಕ್ಕೆ ಇವರು ಒಪ್ಪುವುದಿಲ್ಲ ಎಂಬುದೇ ಇವರನ್ನು ಕರೆಯಲು ಸಾಕಷ್ಟು ಕಾರಣ. ತಲೆ ಕಡಿದಲ್ಲಿ ಮೂಡುವ ಚಿಗುರುಕೊಂಬೆಗಳು ತೊಗಟೆಯ ಹತ್ತಿರವಷ್ಟೇ ಅಂಟಿಕೊಂಡಿದ್ದು, ಭಾರವಾದಾಗ ಗಾಳಿಗೆ ಮುರಿಯುತ್ತವೆ.

ಒಂದು ಅಂಕ ಹೋದದ್ದು ಬೇರಿನ ವಿಷಯದಲ್ಲಿ. ಕೊಂಬೆ ಸಾಗಿಸುವ ಲಾರಿಯನ್ನು ಮರದ ಬುಡದ ಹಸಿ ಮಣ್ಣಿನವರೆಗೂ ತಂದರು. ಬೇರುಗಳಲ್ಲಿ ಹೆಚ್ಚಿನವು ಮೇಲಿನ 60 ಸೆಂ.ಮೀ. ಮಣ್ಣಿನಲ್ಲೇ ಇರುತ್ತವೆ, ಚಕ್ರದ ಒತ್ತಡಕ್ಕೆ ಮಣ್ಣಿನ ಗಾಳಿಯ ರಂಧ್ರಗಳು ಮುಚ್ಚಿ ಬೇರು ಉಸಿರುಗಟ್ಟುತ್ತದೆ. ಮರ ಸೊರಗುವುದು ವರ್ಷಗಳ ನಂತರ, ಆಗ ಯಾರೂ ಲಾರಿಯನ್ನು ನೆನೆಯುವುದಿಲ್ಲ. ಬುಡದ ಸುತ್ತ ಎಷ್ಟು ಜಾಗ ಕಾಯಬೇಕು ಎಂಬುದಕ್ಕೆ, ಕಟ್ಟಡ ಕೆಲಸದ ವೇಳೆ ಮರ ಉಳಿಸಲೆಂದು ಮಾಡಿದ ಬ್ರಿಟನ್ನಿನ ಬಿಎಸ್ 5837 ಮಾನದಂಡದ ಲೆಕ್ಕ ಸುಲಭ: ನೆಲದಿಂದ 1.5 ಮೀಟರ್ ಎತ್ತರದಲ್ಲಿ ಕಾಂಡದ ಸುತ್ತಳತೆ ಅಳೆದು 3.14ರಿಂದ ಭಾಗಿಸಿ, ಬಂದ ವ್ಯಾಸವನ್ನು 12ರಿಂದ ಗುಣಿಸಿ. ಸುತ್ತಳತೆ 188 ಸೆಂ.ಮೀ. ಇದ್ದರೆ ವ್ಯಾಸ 60, ಕಾಯ್ದುಕೊಳ್ಳಬೇಕಾದ ತ್ರಿಜ್ಯ 7.2 ಮೀಟರ್. ಈ ವೃತ್ತಕ್ಕೆ ಹಗ್ಗ ಕಟ್ಟಿಸಿ, ವಾಹನ ಒಳಬರಲೇಬೇಕಾದರೆ ಮರದ ಚೂರು ದಪ್ಪಗೆ ಹರಡಿ ಮೇಲೆ ಹಲಗೆ ಹಾಸುವ ಷರತ್ತನ್ನು ಕೆಲಸದ ಒಪ್ಪಂದದಲ್ಲೇ ಬರೆಸಿಕೊಳ್ಳಿ.

ಬುಡದಲ್ಲಿ ಅಣಬೆ ಕಂಡ ಮರಕ್ಕೆ, ಒಳಗಿನ ಕೊಳೆ ಪತ್ತೆಮಾಡುವ ಧ್ವನಿ ತರಂಗದ ತಪಾಸಣೆ ಬೇರೆಯಾಗಿಯೇ ಕೇಳಬೇಕು. ಮಾಮೂಲಿ ವರದಿಯಲ್ಲಿ ಅದು ಸೇರಿಲ್ಲ.