ದುಂಡುಹುಳು ಕಲಿಯಲು ಯಾವುದು: ಆಸ್ಕರಿಸ್ಸೋ, ಸಿ. ಎಲಿಗನ್ಸೋ?

ದುಂಡುಹುಳುಗಳ ಒಳರಚನೆ ಕಲಿಯುವವರ ಮುಂದೆ ಸಾಮಾನ್ಯವಾಗಿ ಈ ಎರಡೇ ಬರುತ್ತವೆ: ಮನುಷ್ಯರ, ಹಂದಿಗಳ ಕರುಳಿನಲ್ಲಿರುವ ಪರಾವಲಂಬಿ ಆಸ್ಕರಿಸ್, ಮಣ್ಣಿನಲ್ಲಿ ಸ್ವತಂತ್ರವಾಗಿ ಬದುಕುವ ಸಿ. ಎಲಿಗನ್ಸ್. ಕತ್ತರಿಸಿ ನೋಡಬೇಕೆಂದರೆ ಆಸ್ಕರಿಸ್. ಹೆಣ್ಣು 20 ರಿಂದ 35 ಸೆಂ.ಮೀ. ಉದ್ದ. ಸೀಳಿದರೆ ನೇರ ಕರುಳು, ಅದರ ಸುತ್ತ ನೂಲಿನಂತೆ ಸುತ್ತಿಕೊಂಡ ಅಂಡಾಶಯ ಬರಿಗಣ್ಣಿಗೇ ಕಾಣುತ್ತದೆ. ಬಾಯಿಗೆ ಮೂರು ತುಟಿ. ಗಂಡಿನ ಬಾಲ ಕೊಕ್ಕೆಯ ಹಾಗೆ ಬಾಗಿರುತ್ತದೆ, ಗುರುತು ಹಿಡಿಯಲು ಅಷ್ಟೇ ಸಾಕು.

ಸಿ. ಎಲಿಗನ್ಸ್ ಬರೀ 1 ಮಿ.ಮೀ. ಆದರೆ ಮೈ ಪಾರದರ್ಶಕ. ಕತ್ತರಿಸುವ ಕೆಲಸವೇ ಇಲ್ಲ! ಸೂಕ್ಷ್ಮದರ್ಶಕದಲ್ಲಿ ಗಂಟಲು ಬಡಿಯುವುದನ್ನೂ, ಅದರ ಹಿಂಬದಿಯ ಉಬ್ಬಿನಲ್ಲಿ ಬ್ಯಾಕ್ಟೀರಿಯಾ ಅರೆಯುವುದನ್ನೂ ಜೀವಂತವಾಗಿ ನೋಡಬಹುದು. ಆಸ್ಕರಿಸ್‌ಗೆ ಆ ಉಬ್ಬಿಲ್ಲ. ಎಲಿಗನ್ಸ್‌ನಲ್ಲಿ ಹೆಣ್ಣಿನ ಬದಲು ದ್ವಿಲಿಂಗಿ ಇರುತ್ತದೆ. ಅದರ ನರಕೋಶಗಳು 302, ಎಲ್ಲವನ್ನೂ ಎಣಿಸಿ ಹೆಸರಿಟ್ಟಿದ್ದಾರೆ. ಮೂರ್ನಾಲ್ಕು ದಿನಕ್ಕೆ ಹೊಸ ಪೀಳಿಗೆ.

ವರ್ಗೀಕರಣದಲ್ಲಿ ಜಾಸ್ತಿ ಗೊಂದಲ. ಹಳೆಯ ಪುಸ್ತಕಗಳು ಇವೆರಡನ್ನೂ ಸೆಸರ್ನೆಂಟಿಯ ವರ್ಗದಲ್ಲಿ, ಬೇರೆ ಬೇರೆ ಗಣಗಳಲ್ಲಿ ಇಡುತ್ತವೆ. ಡಿಎನ್‌ಎ ನೋಡಿದ ಮೇಲೆ ಬಂದ ಪಟ್ಟಿಯಲ್ಲಿ ವರ್ಗ ಕ್ರೋಮಡೋರಿಯ, ಗಣ ರ‍್ಯಾಬ್ಡಿಟಿಡ. ಎರಡೂ ಅಲ್ಲೇ ಇವೆ, ಉಪಗಣ ಮಾತ್ರ ಬೇರೆ: ಆಸ್ಕರಿಸ್ ಸ್ಪೈರುರಿನ, ಎಲಿಗನ್ಸ್ ರ‍್ಯಾಬ್ಡಿಟಿನ. ನಿಮ್ಮ ಪಠ್ಯ ಯಾವ ಪದ್ಧತಿ ಹಿಡಿದಿದೆ ಅಂತ ಮೊದಲೇ ನೋಡಿಕೊಳ್ಳಿ.

ಒಂದೇ ದಿನದ ಪ್ರಯೋಗವಾದರೆ ನಾನು ಆಸ್ಕರಿಸ್ ಅನ್ನುತ್ತೇನೆ. ಕೈಗವಸು ಮಾತ್ರ ಬಿಡಬೇಡಿ. ಅದರ ಮೊಟ್ಟೆಯ ಚಿಪ್ಪು ಎಷ್ಟು ಗಟ್ಟಿ ಎಂದರೆ, ಮೊಟ್ಟೆಗಳು ಮಾದರಿಗಳನ್ನು ಕೆಡದಂತೆ ಇಡುವ ದ್ರವವಾದ ಫಾರ್ಮಲಿನ್‌ನಲ್ಲೂ ಬೆಳೆಯಬಲ್ಲವು. ತಿಂಗಳುಗಟ್ಟಲೆ ಕಲಿಯುವ ಮನಸ್ಸಿದ್ದರೆ, ಒಳ್ಳೆಯ ಸೂಕ್ಷ್ಮದರ್ಶಕವೂ ಇದ್ದರೆ, ಎಲಿಗನ್ಸ್ ಸಾಕಿ. ಅದು ಮನುಷ್ಯರಿಗೆ ರೋಗ ತರುವುದಿಲ್ಲ.