ಮಲಗಿದ ಫಿನ್ನು: ಹಣಿಗಿ ಹಾಕಿದ್ರ ಸಾಕೋ, ಹೊಸಾ ರೇಡಿಯೇಟರ್ ಬೇಕೋ?

ನಮ್ಮದು 2012ರ ಡೀಸೆಲ್ ಗಾಡಿ. ಈ ಬ್ಯಾಸಗ್ಯಾಗ ಹುಬ್ಬಳ್ಳಿ ಚೆನ್ನಮ್ಮ ಸರ್ಕಲ್ ಜಾಮ್‌ನಾಗ ಎಸಿ ಹಾಕ್ಕೊಂಡು ನಿಂತ್ರ ಸಾಕು, ಫ್ಯಾನ್ ನಿಲ್ಲದ ತಿರಗತಿತ್ತು, ಗಾಡಿ ಕಂಪ್ಯೂಟರ್ ಓದೋ ಓಬಿಡಿ ಸ್ಕ್ಯಾನರ್ ಹಚ್ಚಿ ನೋಡಿದ್ರ ಕೂಲೆಂಟ್ (ಇಂಜಿನ್ ತಂಪು ಮಾಡೋ ದ್ರವ) 105 ಡಿಗ್ರಿ, ಆದ್ರ ಡ್ಯಾಶ್ ಮ್ಯಾಲಿನ ಮುಳ್ಳು ಆರಾಮ ನಡುವ ನಿಂತಿತ್ತು, ಅದನ್ನ ನಂಬಬ್ಯಾಡ್ರಿ.

ಬಂಪರ್ ಬಿಚ್ಚಿದಾಗ ಗೊತ್ತಾತು. ವಾಷಿಂಗ್‌ನಾಗ ಪ್ರೆಶರ್ ಗನ್ ಭಾಳ ಹತ್ತಿರ ಹಿಡದು ಹೊಡದಾರ, ಮುಂದಿನ, ಎಸಿ ಗ್ಯಾಸ್ ತಂಪು ಮಾಡೋ ಕಂಡೆನ್ಸರ್‌ದು ಮೂರನೇ ಒಂದ್ ಪಾಲು ಫಿನ್ನು (ಟ್ಯೂಬಿನ ನಡುವಿನ ತೆಳ್ಳನ ಪಟ್ಟಿ) ಒಂದರ ಮ್ಯಾಲೊಂದು ಮಲಗಿ ತಗಡಿನಂಗ ಆಗಿದ್ವು. ಅದರ ಬೆನ್ನಿಗೇ ರೇಡಿಯೇಟರ್ ಇರತೈತಿ, ಮುಂದಿಂದು ಮುಚ್ಚಿದ್ರ ಹಿಂದಿಂದಕ್ಕೂ ಗಾಳಿ ಇಲ್ಲ. ಕೂಲೆಂಟ್ ಹರಿಯೋದು ಟ್ಯೂಬಿನ್ಯಾಗ ಖರೆ, ಆದ್ರ ಶಾಖಾ ಗಾಳಿಗೆ ದಾಟಿಸೋ ಕೆಲಸ ಬಹುತೇಕ ಈ ಕಾಗದದಷ್ಟು ತೆಳ್ಳಗಿನ ಅಲ್ಯುಮಿನಿಯಂ ಪಟ್ಟಿಗಳದ್ದು.

ಮೊದಲ ಬರೇ ನೀರಿನ ಪೈಪ್ ಹಿಡದು ಇಂಜಿನ್ ಕಡಿಂದ ಮುಂದಕ್ಕ ಬರೂಹಂಗ ತೊಳದೆ. ಮಣ್ಣು, ಹುಳಾ, ಹತ್ತಿ ಎಳಿ ಎಲ್ಲಾ ಬಂತು, ಟೆಂಪರೇಚರ್ ಮಾತ್ರ ಒಂದ್ ಡಿಗ್ರಿ ಇಳೀತು ಅಷ್ಟ.

ಆಮ್ಯಾಲ ಫಿನ್ ಹಣಿಗಿ ತರಿಸಿದೆ, 250 ರೂಪಾಯಿ. ಒಂದ್ ಇಂಚಿನ್ಯಾಗ ಎಷ್ಟು ಫಿನ್ನು ಅದಾವ ಎಣಿಸಿ ಅದಕ್ಕ ಹೊಂದೋ ಹಲ್ಲಿನ ಕಡೆ ಹಿಡೀಬೇಕು, ಚೊಲೋ ಇರೋ ಜಾಗಾದಿಂದ ಶುರು ಮಾಡಿ ಮಲಗಿದ ಜಾಗಾಕ್ಕ ಎಳೀಬೇಕು, ಹಣಿಗಿ ಹೋಗದ ಕಡೆ ಸಣ್ಣ ಚಿಮಟದಿಂದ ಒಂದೊಂದ ಎಬ್ಬಿಸಬೇಕು. ಟ್ಯೂಬಿಗೆ ಚುಚ್ಚಿದ್ರ ಗ್ಯಾಸ್ ಹೋತು ಅಂತ ತಿಳಕೋರಿ. ಎರಡು ಐತವಾರ ಹಿಡೀತು, ಬಟ್ಟು ತುಂಬಾ ಗೀರು. ಆದ್ರ ಅದೇ ಸರ್ಕಲ್‌ನಾಗ 98! ಎಸಿನೂ ಮೊದಲಿನಂಗ ತಂಪು ಕೊಡಾಕ ಹತ್ತಿತು. ಧಾರವಾಡ ಬೈಪಾಸ್‌ನಾಗ 80ರ ಸ್ಪೀಡಿಗೆ ಮೊದಲೂ 89, ಈಗ್ಲೂ 88, ಯಾಕಂದ್ರ ಓಟದಾಗ ಗಾಳಿ ತಾನ ನುಗ್ಗತೈತಿ. ಹೈವೇದಾಗ ಓಡಿಸಿ ನೋಡಿ ಗಾಡಿ ಬರೋಬರಿ ಐತಿ ಅನ್ನೋರು ಇಲ್ಲೇ ಮೋಸ ಹೋಗ್ತಾರ.

ಅಷ್ಟಕ್ಕ ಬಿಡತಿದ್ದೆ, ಅಂಕೋಲಾದಿಂದ ವಾಪಸ್ ಬರೂಮುಂದ ಅರಬೈಲ್ ಘಾಟ್‌ನಾಗ ನಾಕು ಮಂದಿ, ಮುಂದ ಲಾರಿ, ಸೆಕೆಂಡ್ ಗೇರು, 107 ಆತು. ಎಸಿ ಬಂದ್ ಮಾಡಿ, ಇಂಜಿನ್ ಶಾಖಾ ಒಂದಷ್ಟು ಹೊರಗ ಹೋಗ್ಲಿ ಅಂತ ಆ ಶೆಕಿಯೊಳಗ ಹೀಟರ್ ಹಚ್ಚಿ ಏರಿಸಿದ್ವಿ. ಮನಿಗೆ ಬಂದು ರೇಡಿಯೇಟರ್ ಪೂರಾ ಇಳಿಸಿದ್ರ ಕೆಳಗಿನ ನಾಕು ಸಾಲಿನ ಫಿನ್ನು ಬಟ್ಟು ಮುಟ್ಟಿದ್ರ ಬೂದಿಯಂಗ ಉದರತಿದ್ವು. ಬಗ್ಗಿದ್ದನ್ನ ನೆಟ್ಟಗ ಮಾಡಬಹುದು, ಜಂಗು ತಿಂದು ಟ್ಯೂಬಿನಿಂದ ಬಿಟ್ಟಿದ್ದಕ್ಕ ಹಣಿಗಿ ಏನ್ ಮಾಡೀತ್ರಿ? ಮಿಸ್ತ್ರಿನೂ ಅದನ್ನ ಅಂದ್ರು, ಪ್ಲಾಸ್ಟಿಕ್ ಟ್ಯಾಂಕಿನ ರೇಡಿಯೇಟರ್‌ಗೆ ಬರೇ ಕೋರ್ (ಟ್ಯೂಬು, ಫಿನ್ನಿನ ನಡುವಿನ ಭಾಗ) ಹಾಕ್ಸೋದರಾಗ ಅರ್ಥ ಇಲ್ಲ, ಬದಲ್ ಮಾಡ್ರಿ ಅಂತ. ಕೂಲೆಂಟ್, ಕೂಲಿ ಸೇರಿ 5,200 ಆತು.

ಸರ್ಕಲ್‌ನಾಗ ಈಗ 96, ಅಂದ್ರ ಹಣಿಗಿಗಿಂತ ಎರಡ ಡಿಗ್ರಿ ಕಮ್ಮಿ, ಅಷ್ಟಕ್ಕ ಐದ್ ಸಾವಿರ ಖರ್ಚು ಮಾಡ್ರಿ ಅಂತ ನಾ ಯಾರಿಗೂ ಹೇಳಂಗಿಲ್ಲ. ಘಾಟ್‌ನಾಗ ಮಾತ್ರ 99ರ ಮ್ಯಾಲ ಹೋಗಲಿಲ್ಲ, ಎಸಿ ಹಚ್ಚೇ ಇತ್ತು, ಹಿಂದ ಅವ್ವ ನಿದ್ದಿ ಮಾಡಿದ್ಲು.