ಕೆನಡಾದ ನೆಲ್ಸನ್: ತಲುಪುವುದು ತ್ರಾಸ, ತಲುಪಿದ ಮೇಲೆ ಸಲೀಸು (ಬಹುಕಾಲದ ಬಳಕೆಯ ವಿಮರ್ಶೆ)

ಮೊದಲೇ ಅಂಕ ಕೊಟ್ಟುಬಿಡುತ್ತೇನೆ. ಬ್ರಿಟಿಷ್ ಕೊಲಂಬಿಯಾದ ನೆಲ್ಸನ್‌ಗೆ ವಿಮಾನದಲ್ಲಿ ಹೋಗುವುದಕ್ಕೆ ಬೇಸಿಗೆಯಲ್ಲಿ ಐದಕ್ಕೆ ನಾಲ್ಕು, ಚಳಿಗಾಲದಲ್ಲಿ ಎರಡು. ರಸ್ತೆ ಪ್ರಯಾಣಕ್ಕೆ, ಟೈರ್ ಸರಿಯಿದ್ದರೆ, ನಾಲ್ಕು. ಬಸ್ಸಿಗೆ ಮೂರು. ಸರೋವರ ದಾಟಿಸುವ ಫೆರಿಗೆ ಐದಕ್ಕೆ ಐದು, ಅದು ಪುಕ್ಕಟೆ ಅನ್ನುವ ಕಾರಣಕ್ಕೆ ಮಾತ್ರ ಅಲ್ಲ.

ನೆಲ್ಸನ್ ಅಂದರೆ ಕೂಟನೀ ಸರೋವರದ ಪಶ್ಚಿಮದ ಚಾಚಿನ ದಡದಲ್ಲಿ, ಸೆಲ್ಕರ್ಕ್ ಪರ್ವತಗಳ ನಡುವೆ ಇರುವ ಪುಟ್ಟ ಊರು. 2021ರ ಜನಗಣತಿಯಲ್ಲಿ ಸುಮಾರು 11 ಸಾವಿರ ಜನ. ವ್ಯಾಂಕೂವರ್‌ನಿಂದ ಸುಮಾರು 660 ಕಿ.ಮೀ., ಕ್ಯಾಲ್ಗರಿಯಿಂದ ಸುಮಾರು 620 ಕಿ.ಮೀ. ಎರಡೂ ಕಡೆಯಿಂದ ದೂರ, ಎರಡೂ ಕಡೆ ಘಾಟಿ. ಪ್ಯಾಸೆಂಜರ್ ರೈಲಿಲ್ಲ. ಕನ್ನಡಿಗರು ಇಲ್ಲಿಗೆ ಬರುವುದು ಹೆಚ್ಚಾಗಿ ಎರಡು ಕಾರಣಕ್ಕೆ: ಈ ಭಾಗದ ಸೆಲ್ಕರ್ಕ್ ಕಾಲೇಜಿನಲ್ಲಿ ಓದಲು, ಇಲ್ಲವೇ ವ್ಯಾಂಕೂವರ್, ಕ್ಯಾಲ್ಗರಿಯಿಂದ ಲಾಂಗ್ ವೀಕೆಂಡ್ ಕಳೆಯಲು. ಮಕ್ಕಳನ್ನು ನೋಡಲು ಊರಿನಿಂದ ಬರುವ ಅಪ್ಪ ಅಮ್ಮಂದಿರಿಗೂ ಈ ಬರಹ ಅನ್ವಯಿಸುತ್ತದೆ. ಟಿಕೆಟ್ ಮಾಡಿಸುವವರು ಮಕ್ಕಳೇ ಆದ್ದರಿಂದ ಓದಬೇಕಾದವರೂ ಅವರೇ.

ವಿಮಾನದಿಂದ ಶುರುಮಾಡೋಣ. ನೆಲ್ಸನ್‌ನಲ್ಲಿ ಇರುವುದು ಸಣ್ಣ ವಿಮಾನಗಳು ಇಳಿಯುವ ಪಟ್ಟಿ ಮಾತ್ರ. ಟಿಕೆಟ್ ಸಿಗುವುದು ಸುಮಾರು 40 ಕಿ.ಮೀ. ಆಚೆಯ ಕ್ಯಾಸಲ್‌ಗಾರ್‌ಗೆ, ಅಂದರೆ ವೆಸ್ಟ್ ಕೂಟನೀ ರೀಜನಲ್ ವಿಮಾನ ನಿಲ್ದಾಣಕ್ಕೆ. ವ್ಯಾಂಕೂವರ್‌ನಿಂದ ಒಂದು ಗಂಟೆ ಚಿಲ್ಲರೆ ಹಾರಾಟ. ವಿಮಾನ ಪ್ರೊಪೆಲರ್‌ನದು, ಡ್ಯಾಶ್ 8-400. ದೊಡ್ಡ ವಿಮಾನದಲ್ಲಿ ತಲೆಯ ಮೇಲೆ ಸಲೀಸಾಗಿ ಇಡುವ ಚಕ್ರದ ಪೆಟ್ಟಿಗೆ ಇದರಲ್ಲಿ ಹಿಡಿಸುವುದಿಲ್ಲ. ಏಣಿಯ ಬುಡದಲ್ಲೇ ತೆಗೆದುಕೊಂಡು, ಇಳಿದ ಮೇಲೆ ಅಲ್ಲೇ ಕೈಗೆ ಕೊಡುತ್ತಾರೆ. ಪಾಸ್‌ಪೋರ್ಟ್, ಮಾತ್ರೆ, ಲ್ಯಾಪ್‌ಟಾಪ್ ಇರುವ ಚಿಕ್ಕ ಚೀಲ ಬೇರೆಯಾಗಿರಲಿ.

ಈ ನಿಲ್ದಾಣಕ್ಕೆ ಸುತ್ತಲ ಜನ 'ಕ್ಯಾನ್ಸಲ್‌ಗಾರ್' ಎಂದು ಅಡ್ಡಹೆಸರು ಇಟ್ಟಿದ್ದಾರೆ. ಸುಮ್ಮನೆ ಇಟ್ಟದ್ದಲ್ಲ. ಕೂಟನೀ ನದಿ ಕೊಲಂಬಿಯಾ ನದಿಯನ್ನು ಸೇರುವ ಇಕ್ಕಟ್ಟಾದ ಕಣಿವೆಯಲ್ಲಿ ರನ್‌ವೇ ಇದೆ, ಸುತ್ತ ಬೆಟ್ಟ. ಚಳಿಗಾಲದಲ್ಲಿ ತಣ್ಣನೆಯ ಗಾಳಿ ಕಣಿವೆಯ ತಳದಲ್ಲಿ ಕೂತುಬಿಡುತ್ತದೆ, ಮೇಲೆ ಬೆಚ್ಚನೆಯ ಗಾಳಿ ಮುಚ್ಚಳ ಹಾಕುತ್ತದೆ, ನಡುವೆ ಮೋಡ ಸಿಕ್ಕಿಹಾಕಿಕೊಂಡು ದಿನಗಟ್ಟಲೆ ಅಲುಗಾಡುವುದಿಲ್ಲ. ಬಯಲುಸೀಮೆಯ ನಿಲ್ದಾಣದಲ್ಲಾದರೆ ಪೈಲಟ್ ತೀರಾ ಕೆಳಗೆ ಬಂದು ರನ್‌ವೇ ಹುಡುಕಬಹುದು. ಇಲ್ಲಿ ಬೆಟ್ಟ ಅಡ್ಡ ಇರುವುದರಿಂದ ಬಹಳ ಎತ್ತರದಲ್ಲಿರುವಾಗಲೇ ರನ್‌ವೇ ಕಣ್ಣಿಗೆ ಬೀಳಬೇಕು. ಬೀಳದಿದ್ದರೆ ವಿಮಾನ ಬಂದ ದಾರಿಗೆ ಸುಂಕವಿಲ್ಲ ಅಂತ ವಾಪಸ್. ಹಾಗಾಗಿ ಊರಿನಲ್ಲಿ ಹಿಮ ಬೀಳದೆ, ಗಾಳಿಯೂ ಬೀಸದೆ ಇರುವ ದಿನವೇ ವಿಮಾನ ರದ್ದಾಗುವುದುಂಟು. ಡಿಸೆಂಬರ್, ಜನವರಿ ಇದಕ್ಕೆ ಕೆಟ್ಟ ತಿಂಗಳುಗಳು.

ಇಲ್ಲಿ ಕೆನಡಾದ ಕಾನೂನು ಗೊತ್ತಿರಬೇಕು. ಹವಾಮಾನದಿಂದ ರದ್ದಾದರೆ ಪರಿಹಾರದ ದುಡ್ಡಿಲ್ಲ, ಹೋಟೆಲು, ಊಟ ಕೊಡಲೇಬೇಕೆಂಬ ನಿಯಮವೂ ಇಲ್ಲ. ಆದರೆ 48 ಗಂಟೆಯೊಳಗೆ ಹೊರಡುವ ಬೇರೆ ವಿಮಾನದಲ್ಲಿ ಜಾಗ ಕೊಡಲಾಗದಿದ್ದರೆ ನೀವು ಹಣ ವಾಪಸ್ ಕೇಳಬಹುದು. ಇದರಿಂದ ಹೊರಡುವ ಪಾಠ ನೇರವಾದದ್ದು: ಬೆಂಗಳೂರಿನಿಂದ ಬರುವವರು ಕ್ಯಾಸಲ್‌ಗಾರ್‌ವರೆಗೆ ಒಂದೇ ಬುಕಿಂಗ್‌ನಲ್ಲಿ ಟಿಕೆಟ್ ಮಾಡಿಸಬೇಕು. ವ್ಯಾಂಕೂವರ್‌ವರೆಗೆ ಒಂದು, ಅಲ್ಲಿಂದ ಇನ್ನೊಂದು ಅಂತ ಅಗ್ಗದ ಆಸೆಗೆ ಬಿಡಿಬಿಡಿಯಾಗಿ ಕೊಂಡರೆ, ಒಂದು ತಪ್ಪಿದಾಗ ಇನ್ನೊಬ್ಬರು ಹೊಣೆ ಹೊರುವುದಿಲ್ಲ. ವಾಪಸ್ ಹೋಗುವಾಗ ಇನ್ನೂ ಎಚ್ಚರ ಬೇಕು. ನವೆಂಬರ್‌ನಿಂದ ಫೆಬ್ರವರಿವರೆಗೆ, ಭಾರತದ ವಿಮಾನ ಇರುವ ದಿನವೇ ಕ್ಯಾಸಲ್‌ಗಾರ್‌ನಿಂದ ಹೊರಡುವ ಲೆಕ್ಕ ಇಟ್ಟುಕೊಳ್ಳಲೇಬೇಡಿ. ಹಿಂದಿನ ದಿನವೇ ವ್ಯಾಂಕೂವರ್ ಸೇರಿರಿ.

ಟ್ರೇಲ್ ಊರಿನ ನಿಲ್ದಾಣ ಇನ್ನೊಂದು ದಾರಿ. ಅಲ್ಲಿಗೆ ಹಾರುವ ಪೆಸಿಫಿಕ್ ಕೋಸ್ಟಲ್ ವಿಮಾನಗಳು ವ್ಯಾಂಕೂವರ್‌ನ ದೊಡ್ಡ ಟರ್ಮಿನಲ್‌ನಿಂದ ಹೊರಡುವುದಿಲ್ಲ, ಸೌತ್ ಟರ್ಮಿನಲ್‌ನಿಂದ ಹೊರಡುತ್ತವೆ. ದೊಡ್ಡ ಟರ್ಮಿನಲ್‌ನಲ್ಲಿ ಇಳಿದು ಅಲ್ಲಿಗೆ ಹೋಗಲು ಶಟಲ್ ಹಿಡಿಯಬೇಕು, ಸಾಮಾನು ಮತ್ತೆ ಚೆಕ್-ಇನ್ ಮಾಡಬೇಕು. ಗಂಟೆಗಟ್ಟಲೆ ಬಿಡುವಿಲ್ಲದಿದ್ದರೆ ಬೇಡ. ಅಮೆರಿಕದ ಸ್ಪೋಕೇನ್ ನಕ್ಷೆಯಲ್ಲಿ ಹತ್ತಿರ ಕಾಣುತ್ತದೆ, ಕಾರಿನಲ್ಲಿ ಸುಮಾರು ಮೂರು ಗಂಟೆ. ಆದರೆ ಭಾರತದ ಪಾಸ್‌ಪೋರ್ಟಿಗೆ ಅಮೆರಿಕದ ವೀಸಾ ಬೇರೆಯೇ ಬೇಕು, ಈ ಭಾಗದ ಗಡಿ ಠಾಣೆಗಳು ರಾತ್ರಿ ಬಾಗಿಲು ಹಾಕುತ್ತವೆ, ಬಾಡಿಗೆ ಕಾರಿಗೆ ಗಡಿ ದಾಟುವ ಅನುಮತಿ ಇರಬೇಕು. ಮೂರೂ ಹೊಂದಿದವರು ಮಾತ್ರ ಯೋಚಿಸಲಿ.

ಚಳಿಗಾಲಕ್ಕೆ ನನ್ನ ಓಟು ಕೆಲೋನಾಕ್ಕೆ. ದೊಡ್ಡ ನಿಲ್ದಾಣ, ವಿಮಾನಗಳು ಹೆಚ್ಚು, ಬಾಡಿಗೆ ಕಾರು ಹೆಚ್ಚು. ಅಲ್ಲಿಂದ ನೆಲ್ಸನ್‌ಗೆ ಸುಮಾರು 340 ಕಿ.ಮೀ., ರಸ್ತೆ ಒಣಗಿದ್ದರೆ ನಾಲ್ಕು ಗಂಟೆ, ಹಿಮವಿದ್ದರೆ ಐದೂವರೆ ಅಂತ ಇಟ್ಟುಕೊಳ್ಳಿ. ಹೆದ್ದಾರಿ 33 ಹಿಡಿದು ರಾಕ್ ಕ್ರೀಕ್, ಅಲ್ಲಿ ಎಡಕ್ಕೆ ಹೆದ್ದಾರಿ 3, ಗ್ರೀನ್‌ವುಡ್, ಗ್ರ್ಯಾಂಡ್ ಫೋರ್ಕ್ಸ್, ಕ್ರಿಸ್ಟೀನಾ ಲೇಕ್, ಪಾಲ್ಸನ್ ಘಾಟಿ, ಕ್ಯಾಸಲ್‌ಗಾರ್, ಆಮೇಲೆ 3ಎ. ಪೆಟ್ರೋಲು, ಶೌಚಾಲಯ, ಕಾಫಿ ಎಲ್ಲ ಗ್ರ್ಯಾಂಡ್ ಫೋರ್ಕ್ಸ್‌ನಲ್ಲೇ ಮುಗಿಸಿಕೊಳ್ಳಿ. ಕ್ರಿಸ್ಟೀನಾ ಲೇಕ್ ದಾಟಿದ ಮೇಲೆ ಕ್ಯಾಸಲ್‌ಗಾರ್‌ವರೆಗೆ ಸುಮಾರು 70 ಕಿ.ಮೀ. ಒಂದು ಅಂಗಡಿಯೂ ಇಲ್ಲ, ಫೋನ್ ಸಿಗ್ನಲ್ಲೂ ನಂಬಿಕೆಗೆ ಯೋಗ್ಯವಲ್ಲ. ಪಾಲ್ಸನ್ ನೆತ್ತಿ 1,535 ಮೀಟರ್ ಎತ್ತರ, ಕ್ರಿಸ್ಟೀನಾ ಲೇಕ್‌ಗಿಂತ ಸಾವಿರ ಮೀಟರಿಗೂ ಮೇಲೆ. ಕೆಳಗೆ ಸಣ್ಣ ಮಳೆ ಇದ್ದರೆ ಮೇಲೆ ದಟ್ಟ ಹಿಮ ಎಂದೇ ಅರ್ಥ. ಕೆಳಗಿನ ಊರಿನ ಹವಾಮಾನ ನೋಡಿ ಹೊರಡುವವರು ಸಿಕ್ಕಿಬೀಳುವುದು ಇಲ್ಲೇ. ಪ್ರಾಂತ್ಯದ ರಸ್ತೆ ಸ್ಥಿತಿ ತಿಳಿಸುವ ಡ್ರೈವ್‌ಬಿಸಿ (DriveBC) ಜಾಲತಾಣದಲ್ಲಿ ಘಾಟಿಯ ನೆತ್ತಿಯ ಕ್ಯಾಮೆರಾ ಚಿತ್ರ ಪುಕ್ಕಟೆ ಸಿಗುತ್ತದೆ, ಅದನ್ನೇ ನೋಡಿ ಹೊರಡಿ.

ವ್ಯಾಂಕೂವರ್‌ನಿಂದ ನೇರವಾಗಿ ಕಾರಿನಲ್ಲಿ ಬರುವವರು ಹೋಪ್‌ನಲ್ಲಿ ಟ್ಯಾಂಕ್ ತುಂಬಿಸಲಿ. ಅಲ್ಲಿಂದ ಮ್ಯಾನಿಂಗ್ ಪಾರ್ಕ್ ಮೂಲಕ ಪ್ರಿನ್ಸ್‌ಟನ್‌ವರೆಗೆ 130 ಕಿ.ಮೀ.ಗೂ ಹೆಚ್ಚು ದೂರ ಕಾಡೇ ಕಾಡು. ಒಂದೇ ದಿನದಲ್ಲಿ ಮುಗಿಸಬಹುದು, ಆದರೆ ಡಿಸೆಂಬರ್‌ನಲ್ಲಿ ನಾಲ್ಕೂವರೆಗೆಲ್ಲ ಕತ್ತಲು. ಪಾಲ್ಸನ್ನನ್ನು ಕತ್ತಲಲ್ಲಿ ಏರುವ ಬದಲು ಗ್ರ್ಯಾಂಡ್ ಫೋರ್ಕ್ಸ್‌ನಲ್ಲಿ ಉಳಿದುಕೊಳ್ಳುವುದು ಲೇಸು.

ಕ್ಯಾಲ್ಗರಿ ಕಡೆಯಿಂದ ಬರುವವರಿಗೆ ಸವಾಲು ಬೇರೆ. ಕ್ರೆಸ್ಟನ್ ಮತ್ತು ಸಾಲ್ಮೋ ನಡುವಿನ ಘಾಟಿ, ಕೂಟನೀ ಪಾಸ್, 1,775 ಮೀಟರ್ ಎತ್ತರದ್ದು. ಹಿಮಕುಸಿತದ ಅಪಾಯ ಹೆಚ್ಚಿದಾಗ ರಸ್ತೆ ಮುಚ್ಚಿ, ಬೆಟ್ಟದ ಮೇಲೆ ನೆಟ್ಟಿರುವ ಗ್ಯಾಜೆಕ್ಸ್ ಕೊಳವೆಗಳಲ್ಲಿ ಅನಿಲ ಸಿಡಿಸಿ ಹಿಮವನ್ನು ತಾವೇ ಬೀಳಿಸುತ್ತಾರೆ, ಆಮೇಲೆ ರಸ್ತೆ ಬಳಿದು ತೆರೆಯುತ್ತಾರೆ. ಕೆಲವು ಗಂಟೆ ಕಾಯಬೇಕಾಗುವುದು ಮಾಮೂಲು. ಕ್ರೆಸ್ಟನ್‌ಗೆ ಬಂದಾಗ ಪಾಸ್ ಮುಚ್ಚಿದ್ದರೆ 3ಎ ಹಿಡಿದು ಸರೋವರದ ಪೂರ್ವ ದಂಡೆಯಲ್ಲಿ ಉತ್ತರಕ್ಕೆ ಸುಮಾರು 80 ಕಿ.ಮೀ. ಹೋಗಿ ಫೆರಿ ಹತ್ತಿ. ಒಂದು ಗಂಟೆಯಷ್ಟು ಹೆಚ್ಚು ಹಿಡಿಯುತ್ತದೆ. ಎತ್ತರ ಏರುವುದಿಲ್ಲ, ಆದರೆ ರಸ್ತೆ ಕಿರಿದು, ತಿರುವು ಬಹಳ. ಚಾರ್ಮಾಡಿ ಓಡಿಸಿದ ಕೈಗೆ ತಿರುವು ಹೊಸದಲ್ಲ. ಬಲಗಡೆ ಓಡಿಸುವುದು, ನೆರಳಿನ ತಿರುವಿನಲ್ಲಿ ಕಣ್ಣಿಗೆ ಕಾಣದಂತೆ ಕೂತ ತೆಳು ಮಂಜುಗಡ್ಡೆ, ಇವು ಹೊಸವು.

ಇನ್ನು ಟೈರ್. ಈ ಭಾಗದ ಘಾಟಿ ರಸ್ತೆಗಳಲ್ಲಿ ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ ಚಳಿಗಾಲದ ಟೈರ್ ಕಡ್ಡಾಯ. ಟೈರಿನ ಪಕ್ಕೆಯಲ್ಲಿ 'ಎಂ+ಎಸ್' ಗುರುತೋ, ಮೂರು ಶಿಖರಗಳ ಬೆಟ್ಟದೊಳಗೆ ಹಿಮದ ಹರಳಿನ ಚಿತ್ರವೋ ಇರಬೇಕು, ಅಚ್ಚಿನ ಆಳ ಕನಿಷ್ಠ 3.5 ಮಿ.ಮೀ. ಇರಬೇಕು. ಇಲ್ಲದಿದ್ದರೆ ಪೊಲೀಸರು ದಂಡ ಹಾಕಿ ವಾಪಸ್ ಕಳಿಸಬಹುದು. ಕಾನೂನಿಗೆ ಎರಡೂ ಗುರುತು ಒಂದೇ, ರಸ್ತೆಗೆ ಒಂದೇ ಅಲ್ಲ. ಎಂ+ಎಸ್ ಮಾತ್ರ ಇರುವ ಆಲ್-ಸೀಸನ್ ಟೈರಿನ ರಬ್ಬರ್ ಸುಮಾರು 7 ಡಿಗ್ರಿಗಿಂತ ಕೆಳಗೆ ಬಿರುಸಾಗುತ್ತಾ ಹೋಗುತ್ತದೆ, ಹಿಡಿತ ಬಿಡುತ್ತದೆ. ಬಾಡಿಗೆ ಕಾರು ಬುಕ್ ಮಾಡುವಾಗ 'ವಿಂಟರ್ ಟೈರ್' ಎಂದು ಹೆಸರು ಹೇಳಿಯೇ ಕೇಳಿ, ಬರಹದಲ್ಲಿ ತೆಗೆದುಕೊಳ್ಳಿ, ಕೀಲಿ ಕೈಗೆ ಬಂದಾಗ ಬಗ್ಗಿ ಹಿಮದ ಹರಳು ಇದೆಯೇ ನೋಡಿ. 'ಇದು ಆಲ್ ವೀಲ್ ಡ್ರೈವ್, ಏನೂ ತೊಂದರೆ ಇಲ್ಲ' ಎಂಬ ಕೌಂಟರಿನ ಮಾತಿಗೆ ತಲೆದೂಗಬೇಡಿ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋದರೆ ಹೊರಡಲು ಸುಲಭ, ನಿಲ್ಲಲು ಅಲ್ಲ. ಗಾಜು ಒರೆಸುವ ನೀರು ಮೈನಸ್ 40 ಡಿಗ್ರಿಗೂ ಹೆಪ್ಪುಗಟ್ಟದ ಬಗೆಯದಾಗಿರಲಿ. ಬೇಸಿಗೆಯ ನೀಲಿ ನೀರು ಘಾಟಿಯ ಮೇಲೆ ಗಾಜಿನಲ್ಲೇ ಗಟ್ಟಿಯಾಗುತ್ತದೆ. ಮುಸ್ಸಂಜೆಗೆ ಜಿಂಕೆ ಅಡ್ಡ ಬರುತ್ತದೆ, ಒಂದು ದಾಟಿದರೆ ಹಿಂದೆ ಇನ್ನೊಂದು ಇದ್ದೇ ಇರುತ್ತದೆ. ಪ್ರವಾಸಿಯಾಗಿ ಬಂದವರು ಊರಿನ ಲೈಸೆನ್ಸ್‌ನಲ್ಲೇ ಆರು ತಿಂಗಳು ಓಡಿಸಬಹುದು, ನೆಲೆಸಲು ಬಂದವರು 90 ದಿನದೊಳಗೆ ಇಲ್ಲಿಯದಕ್ಕೆ ಬದಲಾಯಿಸಿಕೊಳ್ಳಬೇಕು.

ಕಾರಿಲ್ಲದವರ ಕಥೆ 2018ರ ಅಕ್ಟೋಬರ್ 31ರ ನಂತರ ಕೆಟ್ಟಿತು. ಅಂದಿಗೆ ಗ್ರೇಹೌಂಡ್ ಕಂಪನಿ ಪಶ್ಚಿಮ ಕೆನಡಾದ ಬಸ್ಸುಗಳನ್ನು ನಿಲ್ಲಿಸಿತು. ವ್ಯಾಂಕೂವರ್‌ನಿಂದ ಕೆಲೋನಾವರೆಗೆ ಇಬಸ್ (Ebus) ಕಂಪನಿಯ ಬಸ್ಸು ಓಡುತ್ತದೆ, ಅಲ್ಲಿಂದ ಮುಂದಕ್ಕೆ ಹೆಚ್ಚಾಗಿ ಪಾಪರೈಡ್‌ನಂಥ (Poparide) ಸೀಟು ಹಂಚಿಕೆಯ ಆ್ಯಪ್‌ಗಳೇ ಗತಿ. ಶುಕ್ರವಾರ, ಭಾನುವಾರ ಸಿಗುತ್ತದೆ, ಮಂಗಳವಾರ ಹುಡುಕಿದರೆ ನಿರಾಸೆ.

ಸ್ಥಳೀಯ ಬಸ್ಸು ಮಾತ್ರ ಇಷ್ಟು ಚಿಕ್ಕ ಊರಿಗೆ ನಿರೀಕ್ಷೆ ಮೀರಿದ್ದು. ಪ್ರಾಂತ್ಯದ ಸಾರಿಗೆ ಸಂಸ್ಥೆ ಬಿ.ಸಿ. ಟ್ರಾನ್ಸಿಟ್‌ನ ವೆಸ್ಟ್ ಕೂಟನೀ ಜಾಲದ ಬೆನ್ನೆಲುಬು 99ನೇ ನಂಬರು: ನೆಲ್ಸನ್ ನಡುಪೇಟೆಯಿಂದ ಪ್ಲೇಮೋರ್ ಜಂಕ್ಷನ್ ಮೂಲಕ ಕ್ಯಾಸಲ್‌ಗಾರ್. ಸೆಲ್ಕರ್ಕ್ ಕಾಲೇಜಿನ ವಿದ್ಯಾರ್ಥಿಗಳು ಹೆಚ್ಚು ಬಳಸುವುದು ಇದನ್ನೇ. ಕಾಲೇಜಿನ ಕ್ಯಾಸಲ್‌ಗಾರ್ ಕ್ಯಾಂಪಸ್ ವಿಮಾನ ನಿಲ್ದಾಣದ ಹತ್ತಿರವೇ ಇದೆ, ಆದರೆ ಬಸ್ಸಿನ ವೇಳೆ ಇರುವುದು ಕೆಲಸ, ಕಾಲೇಜಿಗೆ ಹೋಗುವವರಿಗೆ ಹೊಂದುವಂತೆ, ವಿಮಾನಕ್ಕಲ್ಲ. ಎರಡು ದೊಡ್ಡ ಪೆಟ್ಟಿಗೆ ಇರುವವರು ಶಟಲ್ ಅನ್ನು ಮೊದಲೇ ಬುಕ್ ಮಾಡುವುದು ಜಾಣತನ. ವಿಮಾನ ರದ್ದಾದರೆ ಶಟಲ್‌ನವರಿಗೂ ಫೋನ್ ಮಾಡಿ ತಿಳಿಸಿ, ಇಲ್ಲಿ ಆ ಮರ್ಯಾದೆ ಇಟ್ಟುಕೊಂಡಿದ್ದಾರೆ. ನಾರ್ತ್ ಶೋರ್ ಕಡೆಗೆ 10ನೇ ನಂಬರಿನ ಬಸ್ಸು, ಸ್ಲೋಕನ್ ಕಣಿವೆಗೆ 20, ಸಾಲ್ಮೋಗೆ 76. ಚಾಲಕರು ಚಿಲ್ಲರೆ ವಾಪಸ್ ಕೊಡುವುದಿಲ್ಲ, ಸರಿಯಾದ ನಾಣ್ಯ ಹಿಡಿದಿರಿ. 12 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಪುಕ್ಕಟೆ. ಬಸ್ಸಿನ ಮುಂಭಾಗದಲ್ಲಿ ಸೈಕಲ್ ಇಡುವ ಕಟ್ಟು ಇರುತ್ತದೆ, ಹಿಡಿಸುವುದು ಎರಡೇ. ಮೂರನೆಯವರು ಕಾಯಬೇಕು. ಭಾನುವಾರ ಮತ್ತು ರಜೆಯ ದಿನ ಸೇವೆ ತೀರಾ ಸೊರಗುತ್ತದೆ, ರಾತ್ರಿ ಬಸ್ಸನ್ನು ನಂಬಿ ಊಟಕ್ಕೆ ಹೋಗಬೇಡಿ. ನನ್ನ ಮೂರು ಅಂಕ ಅಲ್ಲೇ ನಿಂತದ್ದು.

ಊರೊಳಗೆ ಕಾಲ್ನಡಿಗೆಯೇ ಸಾಕು. ಮುಖ್ಯ ಪೇಟೆಯಾದ ಬೇಕರ್ ಬೀದಿಯ ಈ ತುದಿಯಿಂದ ಆ ತುದಿಗೆ ಹದಿನೈದು ನಿಮಿಷ. ಕಷ್ಟವಿರುವುದು ಅಡ್ಡಕ್ಕಲ್ಲ, ಮೇಲಕ್ಕೆ. ಸರೋವರದಿಂದ ಬೆಟ್ಟದ ಕಡೆ ಹೋಗುವ ಬೀದಿಗಳು ಗೋಡೆಯಂತೆ ಏಳುತ್ತವೆ. ಮನೆ ಬಾಡಿಗೆಗೆ ನೋಡುವವರು ಬೇಕರ್‌ನಿಂದ ಎಷ್ಟು ಮೀಟರ್ ಎಂದು ಕೇಳದೆ ಎಷ್ಟು ಬ್ಲಾಕ್ ಮೇಲಿದೆ ಎಂದು ಕೇಳಲಿ. ಚಳಿಗಾಲದಲ್ಲಿ ಬೂಟಿನ ಅಡಿಗೆ ಎಳೆದು ಹಾಕುವ ಮುಳ್ಳಿನ ರಬ್ಬರ್ ಪಟ್ಟಿ ಬೇಕೇ ಬೇಕು. ಅಂಗಡಿಯೊಳಗೆ ಹೋಗುವಾಗ ಕಳಚಿ, ನುಣುಪು ಟೈಲ್ಸ್ ಮೇಲೆ ಅದೇ ಜಾರಿಸುತ್ತದೆ. ಇಳಿಜಾರಿನಲ್ಲಿ ಕಾರು ನಿಲ್ಲಿಸುವಾಗ ಹ್ಯಾಂಡ್ ಬ್ರೇಕ್ ಒಂದನ್ನೇ ನಂಬಬೇಡಿ: ಮುಖ ಕೆಳಗಿದ್ದರೆ ಚಕ್ರವನ್ನು ಫುಟ್‌ಪಾತಿನ ಕಡೆಗೆ, ಮೇಲಿದ್ದರೆ ರಸ್ತೆಯ ಕಡೆಗೆ ತಿರುಗಿಸಿ, ಕಾರು ಜಾರಿದರೂ ಅಂಚಿಗೆ ಒತ್ತಿ ನಿಲ್ಲುತ್ತದೆ. ಟ್ಯಾಕ್ಸಿಗಳು ಬೆರಳೆಣಿಕೆಯಷ್ಟು. ನೆಲೆಸಿದವರಿಗೆ ಕೂಟನೀ ಕಾರ್‌ಶೇರ್ ಸಹಕಾರಿ ಒಳ್ಳೆಯ ಉಪಾಯ, ಗಂಟೆ ಮತ್ತು ಕಿ.ಮೀ. ಲೆಕ್ಕದ ಬಾಡಿಗೆ, ಸದಸ್ಯರಾಗುವಾಗ ಚಾಲನೆಯ ಹಳೆಯ ದಾಖಲೆ ಕೇಳುತ್ತಾರೆ, ಆದ್ದರಿಂದ ಬೇಕಾಗುವ ಮೊದಲೇ ಅರ್ಜಿ ಹಾಕಿ. ಸರೋವರದ ದಂಡೆಯಲ್ಲಿ ಬೇಸಿಗೆಯಲ್ಲಿ ಓಡುವ 23ನೇ ನಂಬರಿನ ಟ್ರಾಮ್ ಸಾರಿಗೆಯಲ್ಲ, ಮಕ್ಕಳ ಖುಷಿ: 1949ರಲ್ಲಿ ನಿಂತ ಟ್ರಾಮನ್ನು 1992ರಲ್ಲಿ ಸ್ವಯಂಸೇವಕರು ಮತ್ತೆ ಓಡಿಸಿದರು.

ಫೆರಿಗೆ ಪೂರ್ತಿ ಅಂಕ ಯಾಕೆ ಅಂದರೆ, ಈ ಇಡೀ ವ್ಯವಸ್ಥೆಯಲ್ಲಿ ಮಾತಿಗೆ ತಪ್ಪದೆ ನಡೆಯುವುದು ಅದೊಂದೇ. ನೆಲ್ಸನ್‌ನಿಂದ ಪೂರ್ವಕ್ಕೆ ಅರ್ಧ ಗಂಟೆ ದೂರದ ಬಾಲ್ಫೋರ್‌ನಿಂದ ಎದುರು ದಡದ ಕೂಟನೀ ಬೇಗೆ 35 ನಿಮಿಷ, ಕಾರಿಗೂ ಕಾಲ್ನಡಿಗೆಯವರಿಗೂ ಶುಲ್ಕವಿಲ್ಲ. ಆಸ್ಪ್ರೇ 2000 ಹಡಗು ಸುಮಾರು 80 ಕಾರು ಹೊರುತ್ತದೆ. ಮುಂಗಡ ಬುಕಿಂಗ್ ಇಲ್ಲ, ಬಂದವರೇ ಮೊದಲಿಗರು. ಜುಲೈ, ಆಗಸ್ಟ್ ವಾರಾಂತ್ಯದ ಮಧ್ಯಾಹ್ನ ಒಂದು ಹಡಗು ತಪ್ಪುವುದು ಸಾಮಾನ್ಯ, ಬೆಳಗ್ಗೆ ಬೇಗ ಹೋದರೆ ಸಾಲೇ ಇರುವುದಿಲ್ಲ. ಸಾಲಿನಲ್ಲಿ ಕಾರು ನಿಲ್ಲಿಸಿ ತಿಂಡಿಗೆ ಹೋದವರು ಹಡಗಿನ ಬಾಗಿಲು ತೆರೆಯುವ ಹೊತ್ತಿಗೆ ಸ್ಟೀರಿಂಗ್ ಹಿಂದೆ ಇರಬೇಕು. ಇಲ್ಲದಿದ್ದರೆ ಸಿಬ್ಬಂದಿ ಹಿಂದಿನ ಕಾರುಗಳನ್ನು ಪಕ್ಕದಿಂದ ಬಿಟ್ಟುಬಿಡುತ್ತಾರೆ.